ಆನೇಕಲ್ ಬಾಗಿಲಿಂದ ಒಳಗೆ: ಜಿಗಣಿಯವರಿಗೊಂದು ಪೇಟೆ ನಡಿಗೆ

ಬೆಂಗಳೂರಿಗೆ ಆನೇಕಲ್ ಬಾಗಿಲು ಎಂಬುದೊಂದಿತ್ತು. ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಅದರೊಳಗೆ ಪೇಟೆ ಎಬ್ಬಿಸಿದಾಗ ನಾಲ್ಕು ದಿಕ್ಕಿಗೆ ನಾಲ್ಕು ಹೆಬ್ಬಾಗಿಲು ಇಡಿಸಿದರು. ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು, ಉತ್ತರಕ್ಕೆ ಯಲಹಂಕ ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು. ಜಿಗಣಿ, ಹಾರಗದ್ದೆ, ಹೆನ್ನಾಗರದ ಕಡೆಗೆ ಮುಖ ಮಾಡಿದ್ದು ಈ ಕೊನೆಯದು. ದಕ್ಷಿಣದ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತು, ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿ ಕೊಟ್ಟುಕೊಂಡ ಮೇಲೆ ನಿಂತಿತು ಎಂದು ಜನ ಇಂದಿಗೂ ಹೇಳುತ್ತಾರೆ. ಕೋರಮಂಗಲದಲ್ಲಿ ಆಕೆಯ ನೆನಪಿನ ಗುಡಿಯಿದೆ. ಬಾಗಿಲು ಈಗ ಇಲ್ಲ, ಆ ಮಣ್ಣಿನ ಗೋಡೆಯೂ ಇಲ್ಲ. ಗೋಡೆಯೊಳಗಿದ್ದ ಬೀದಿಗಳು ಮಾತ್ರ ಇದ್ದಲ್ಲೇ ಇವೆ.

ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ವರ್ಷಗಟ್ಟಲೆ ದುಡಿದವರನ್ನು ಬೆಂಗಳೂರಲ್ಲಿ ಏನೇನು ನೋಡಿದ್ದೀರಿ ಎಂದು ಕೇಳಿ. ಬನ್ನೇರುಘಟ್ಟ, ಲಾಲ್‌ಬಾಗ್, ವಿಧಾನಸೌಧ, ಒಂದೆರಡು ಮಾಲ್. ಚಿಕ್ಕಪೇಟೆಗೆ ಹೋಗಿದ್ದರೆ ಮದುವೆ ಸೀರೆಗೆ, ಎಸ್‌ಪಿ ರಸ್ತೆಗೆ ಹೋಗಿದ್ದರೆ ಕಂಪ್ಯೂಟರ್ ರಿಪೇರಿಗೆ. ಕೆಲಸ ಮುಗಿಸಿಕೊಂಡು ಆಟೊ ಹತ್ತಿ ಬಂದುಬಿಡುತ್ತೇವೆ. ಐದು ಶತಮಾನದ ಹತ್ತಿರದ ಒಂದು ಊರಿನ ನಟ್ಟನಡುವೆ ನಿಂತಿದ್ದೆವು ಎನ್ನುವುದೇ ಗಮನಕ್ಕೆ ಬಂದಿರುವುದಿಲ್ಲ.

ಚೀನಾದ ಷಿಯಾನ್‌ನಂಥ ಹಳೇ ನಗರಕ್ಕೆ ಹೋದವರು ಮಿಂಗ್ ಅರಸರ ಕಾಲದ ಕೋಟೆಗೋಡೆಯ ಮೇಲೇ ಊರು ಸುತ್ತಬಹುದು. ಹದಿಮೂರು ಕಿಲೋಮೀಟರಿಗೂ ಉದ್ದದ ಗೋಡೆ ಅಲ್ಲಿ ಉಳಿದಿದೆ. ನಮ್ಮಲ್ಲಿ ಉಳಿದಿರುವುದು ಬೀದಿಗಳ ಹಾಸು. 1791ರಲ್ಲಿ ಇಂಗ್ಲಿಷರ ಸೇನೆಯೊಂದಿಗೆ ಬಂದ ಕ್ಲಾಡ್ ಮಾರ್ಟಿನ್ ಈ ಪೇಟೆಯ ನಕ್ಷೆ ಬರೆದ. ಅದರಲ್ಲಿರುವ ದೊಡ್ಡಪೇಟೆ, ಚಿಕ್ಕಪೇಟೆಗಳು ಒಂದನ್ನೊಂದು ಅಡ್ಡ ಹಾಯುವ ಜಾಗದಲ್ಲೇ ಇಂದೂ ಹಾಯುತ್ತವೆ. ದೊಡ್ಡಪೇಟೆಗೆ ಅವೆನ್ಯೂ ರಸ್ತೆ ಎಂಬ ಹೆಸರು ಬಂದಿದೆ, ಅಷ್ಟೆ. ಕಾಲ್ನಡಿಗೆಗೆ, ಎತ್ತಿನ ಗಾಡಿಗೆ ಅಳತೆ ಹಿಡಿದ ಬೀದಿಗಳಿವು. ಕಾರಿನಲ್ಲಿ ಬಂದವರಿಗೆ ಇಲ್ಲಿ ಟ್ರಾಫಿಕ್ ಜಾಮ್ ಬಿಟ್ಟು ಬೇರೇನೂ ಕಾಣುವುದಿಲ್ಲ. ನಡೆದವರಿಗೆ ಊರು ಕಾಣುತ್ತದೆ.

ಹೋಗುವುದು ಹೇಗೆ, ಯಾವಾಗ

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಜಿಗಣಿಗೂ ಪೇಟೆಗೂ ನಡುವಿನ ದಾರಿ ಸಲೀಸಾಗಿದೆ. ಜಿಗಣಿ ಲಿಂಕ್ ರಸ್ತೆ ಹಿಡಿದು ಬೊಮ್ಮಸಂದ್ರಕ್ಕೆ ಬನ್ನಿ. ಮಾರ್ಗ ಶುರುವಾಗುವುದೇ ಅಲ್ಲಿ, ಹಾಗಾಗಿ ಕೂರಲು ಜಾಗ ಸಿಗುತ್ತದೆ. ಇನ್ನೊಂದು ತುದಿಯ ಆರ್‌.ವಿ. ರಸ್ತೆ ನಿಲ್ದಾಣದಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಿಸಿ, ಮಾದಾವರದ ಕಡೆಗೆ ಹೋಗುವ ರೈಲು ಹತ್ತಿ. ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು ದಾಟಿದರೆ ಐದನೆಯದು ಕೆ.ಆರ್. ಮಾರ್ಕೆಟ್. ಅದರ ಮುಂದಿನದು ಚಿಕ್ಕಪೇಟೆ. ಹಿಂತಿರುಗುವಾಗ ಚಿಕ್ಕಪೇಟೆಯಲ್ಲೇ ಹತ್ತಬಹುದು, ಬಂದ ದಾರಿಯನ್ನೇ ಮತ್ತೆ ತುಳಿಯಬೇಕಿಲ್ಲ. ಬಸ್ಸೇ ಒಗ್ಗುತ್ತದೆ ಎನ್ನುವವರಿಗೆ ಬನ್ನೇರುಘಟ್ಟ ರಸ್ತೆಯ ಮೇಲೆ ಮಾರ್ಕೆಟ್ಟಿಗೆ ಬರುವ ಬಿಎಂಟಿಸಿ ಬಸ್ಸುಗಳಿವೆ.

ಯಾವ ದಿನ ಹೋಗಬೇಕು? ಭಾನುವಾರ ಒಂದು ಪೇಟೆ, ವಾರದ ದಿನ ಇನ್ನೊಂದು. ವಾರದ ದಿನಗಳಲ್ಲಿ ವ್ಯಾಪಾರದ ಗದ್ದಲ, ತಳ್ಳುಗಾಡಿ, ತಲೆಹೊರೆ ಹೊತ್ತ ಹಮಾಲಿಗಳ ‘ಸೈಡ್, ಸೈಡ್’ ಕೂಗು. ಪೇಟೆಯ ಜೀವ ಇರುವುದು ಅದರಲ್ಲೇ. ಭಾನುವಾರ ಬಹಳಷ್ಟು ಸಗಟು ಅಂಗಡಿಗಳ ಷಟರ್ ಇಳಿದಿರುತ್ತದೆ. ಕಟ್ಟಡಗಳ ಮುಖ ನೋಡಲು, ಮಕ್ಕಳ ಕೈ ಹಿಡಿದು ನಡೆಯಲು ಅದೇ ಒಳ್ಳೆಯದು. ಮೊದಲ ಸಲ ಹೋಗುವವರಿಗೆ ನಾನು ಭಾನುವಾರ ಬೆಳಿಗ್ಗೆಯನ್ನೇ ಹೇಳುತ್ತೇನೆ. ಆದರೆ ಅಂದು ಮೆಟ್ರೊ ತಡವಾಗಿ ಶುರುವಾಗುತ್ತದೆ. ಮಾರ್ಕೆಟ್ಟಿನ ಹೂವಿನ ಭರಾಟೆ ನೋಡುವ ಆಸೆಯಿದ್ದರೆ ಬೆಳಗಿನ ಜಾವದ ಬಸ್ಸನ್ನೇ ನಂಬಬೇಕು.

ಕಾಲಿಗೆ ಬೂಟು ಹಾಕಿ, ಚಪ್ಪಲಿ ಬೇಡ. ಮಾರ್ಕೆಟ್ಟಿನ ನೆಲ ಯಾವಾಗಲೂ ಒದ್ದೆ. ಫೋನು ಮುಂಜೇಬಿನಲ್ಲಿರಲಿ. ಶೌಚಾಲಯಕ್ಕೆ ಮೆಟ್ರೊ ನಿಲ್ದಾಣಗಳೇ ಗತಿ, ಒಳಗೆ ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಕಲ್ಲು ಬಲ್ಲವರ ಕಣ್ಣಿಗೆ ಕೋಟೆ

ಮಾರ್ಕೆಟ್ ನಿಲ್ದಾಣದಿಂದ ಮೇಲೆ ಬಂದರೆ ಕೃಷ್ಣರಾಜೇಂದ್ರ ರಸ್ತೆಯ ಬದಿಯಲ್ಲೇ ಬೆಂಗಳೂರು ಕೋಟೆಯ ದೆಹಲಿ ಬಾಗಿಲಿದೆ. ದಿನಕ್ಕೆ ಲಕ್ಷಾಂತರ ಜನ ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುತ್ತಾರೆ, ಒಳಗೆ ಕಾಲಿಡುವವರು ಬೆರಳೆಣಿಕೆ. ಕೆಂಪೇಗೌಡರ ಮಣ್ಣಿನ ಕೋಟೆ ಪೇಟೆಯ ಸುತ್ತ ಇತ್ತು. ಇದು ಪೇಟೆಯ ದಕ್ಷಿಣಕ್ಕೆ ಅಂಟಿಕೊಂಡಿದ್ದ ಬೇರೆಯದೇ ಕೋಟೆ. 1761ರಲ್ಲಿ ಹೈದರಾಲಿ ಇದನ್ನು ಕಲ್ಲಿನಲ್ಲಿ ಕಟ್ಟಿಸಿದ. ಮೊಟ್ಟೆಯಾಕಾರದ ಆ ದೊಡ್ಡ ಕೋಟೆಯ ಬಹುಪಾಲನ್ನು ರಸ್ತೆಗೆ, ಆಸ್ಪತ್ರೆಗೆ, ಶಾಲೆಗೆ ಎಂದು ಕೆಡವಿದರು. ಉಳಿದಿರುವುದು ಈ ಬಾಗಿಲು, ಅದರ ಅಕ್ಕಪಕ್ಕದ ಕೊತ್ತಲಗಳು, ಒಳಗೊಂದು ಗಣಪತಿ ಗುಡಿ.

ಜಿಗಣಿಯವರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನಮ್ಮೂರಲ್ಲಿ ಗ್ರಾನೈಟ್ ಎಂದರೆ ಲಾರಿ ಮೇಲೆ ಬರುವ ಬ್ಲಾಕು, ಗ್ಯಾಂಗ್‌ಸಾ ಯಂತ್ರದಲ್ಲಿ ಹಾಳೆಯಂತೆ ಸೀಳಿ ಬರುವ ಸ್ಲ್ಯಾಬು, ಕನ್ನಡಿಯಂಥ ಪಾಲಿಶು. ಆ ಕೆಲಸ ಬಲ್ಲವರು ಕೋಟೆಯ ಗೋಡೆಯ ಹತ್ತಿರ ಹೋಗಿ ನೋಡಲಿ. ಯಂತ್ರವಿಲ್ಲದ ಕಾಲದಲ್ಲಿ ಉಳಿ ಸುತ್ತಿಗೆಯಲ್ಲಿ ಮುಖ ಕೊಯ್ದು, ಒಂದರ ಪಕ್ಕ ಒಂದು ಸಂದು ಬಿಡದೆ ಕೂರಿಸಿದ ಕಲ್ಲುಗಳು. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತಲ್ಲಿ ಉಳಿಯ ಪೆಟ್ಟುಗಳ ಸಾಲು ಕಣ್ಣಿಗೆ ಕಾಣುತ್ತದೆ, ಕೈಯಾಡಿಸಿದರೆ ಬೆರಳಿಗೂ ಸಿಗುತ್ತದೆ. ಕಮಾನುಗಳ ಮೇಲಿನ ಹೂಬಳ್ಳಿ ಅಲಂಕಾರ ನೋಡಿದರೆ ಇದನ್ನು ಬರೀ ಯುದ್ಧಕ್ಕೆಂದು ಕಟ್ಟಿಲ್ಲ ಎನ್ನುವುದು ತಿಳಿಯುತ್ತದೆ.

1791ರ ಮಾರ್ಚ್ 7ರಂದು ಇಂಗ್ಲಿಷರ ಕಾರ್ನ್‌ವಾಲಿಸ್‌ನ ಸೇನೆ ಪೇಟೆಯ ಬಾಗಿಲು ಒಡೆದು ನುಗ್ಗಿತು. ಕರ್ನಲ್ ಮೂರ್‌ಹೌಸ್ ಎಂಬ ಅಧಿಕಾರಿ ಅಲ್ಲೇ ಸತ್ತ. ಪೇಟೆ ಹಿಡಿದ ಮೇಲೂ ಈ ಕೋಟೆಗೆ ಎರಡು ವಾರ ಮುತ್ತಿಗೆ ಹಾಕಬೇಕಾಯಿತು. ಮಾರ್ಚ್ 21ರ ರಾತ್ರಿ ಗೋಡೆ ಬಿರುಕು ಬಿಟ್ಟ ಕಡೆ ಹತ್ತಿ ಬಂದರು, ಟಿಪ್ಪುವಿನ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಆ ಕಾಲದ ಸಾಮಾನು ನೆಲದಡಿಯಲ್ಲಿ ಇನ್ನೂ ಇದೆ: ಮೆಟ್ರೊಗಾಗಿ ಇಲ್ಲೇ ಅಗೆಯುವಾಗ 2012ರಲ್ಲಿ ಎರಡು ಕಬ್ಬಿಣದ ಫಿರಂಗಿ ಸಿಕ್ಕವು. ನೀವು ಇಳಿದುಬಂದ ಸುರಂಗದ ಮಣ್ಣದು.

ಟಿಪ್ಪುವಿನ ಬೇಸಿಗೆ ಅರಮನೆಯನ್ನು ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಹೈದರಾಲಿ 1781ರಲ್ಲಿ ಶುರು ಮಾಡಿದ ತೇಗದ ಮರದ ಆ ಅರಮನೆಯನ್ನು ಟಿಪ್ಪು 1791ರಲ್ಲಿ ಮುಗಿಸಿದ. ಆದರೆ ಅದರ ಮಗ್ಗುಲಲ್ಲೇ ಇರುವ ಕೋಟೆ ವೆಂಕಟರಮಣ ದೇವಸ್ಥಾನವನ್ನು ಬಿಡಬೇಡಿ. ಚಿಕ್ಕದೇವರಾಜ ಒಡೆಯರು ಹದಿನೇಳನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ಎದುರಿನ ಗರುಡಗಂಬಕ್ಕೆ ಫಿರಂಗಿ ಗುಂಡು ತಗುಲಿ ಟಿಪ್ಪುವಿನ ಅರಮನೆ ಉಳಿಯಿತು ಎಂಬ ಕಥೆ ಇಲ್ಲಿನವರ ಬಾಯಲ್ಲಿದೆ. ಅರಮನೆಗೂ ದೇವಸ್ಥಾನಕ್ಕೂ ನಡುವೆ ಒಂದೇ ಗೋಡೆಯ ಅಂತರ.

ಮಾರ್ಕೆಟ್ಟು, ತಾರಾಮಂಡಲಪೇಟೆ

ಕೃಷ್ಣರಾಜೇಂದ್ರ ಮಾರುಕಟ್ಟೆ ಇರುವ ಜಾಗ ಒಂದು ಕಾಲಕ್ಕೆ ಸಿದ್ದಿಕಟ್ಟೆ ಎಂಬ ಕೆರೆ. ಬೆಂಗಳೂರಿನ ಹಳೇ ಕೆರೆಗಳ ಹಣೆಬರಹವೇ ಇದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಸಿದ್ದಿಕಟ್ಟೆ ಮಾರ್ಕೆಟ್ಟಾಯಿತು. ಹೂವಿನ ಅಂಗಳಕ್ಕೆ ಇಳಿಯುವ ಮೊದಲು ಮೇಲಿನ ಮೊಗಸಾಲೆಯಿಂದ ಒಮ್ಮೆ ಕೆಳಗೆ ನೋಡಿ. ಸೇವಂತಿಗೆಯ ಹಳದಿ ರಾಶಿ, ಕನಕಾಂಬರದ ಕುಕ್ಕೆ, ಕೆ.ಜಿ. ಲೆಕ್ಕದ ಗುಲಾಬಿ, ಮಾರಿನ ಲೆಕ್ಕದ ಮಲ್ಲಿಗೆ. ನಮ್ಮ ಆನೇಕಲ್ ಸೀಮೆಯ, ಹೊಸೂರು ಕಡೆಯ ರೈತರು ಬೆಳೆದ ಹೂವೂ ಈ ರಾಶಿಯಲ್ಲಿರುತ್ತದೆ. ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ‘ತಗೊಳ್ಳಿ ಸಾರ್’ ಎನ್ನುವವರೇ ಹೆಚ್ಚು. ಕೇಳದೆ ಮುಖದ ಹತ್ತಿರ ಫೋನು ಹಿಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಮಾರ್ಕೆಟ್ಟಿನ ಹತ್ತಿರವೇ ತಾರಾಮಂಡಲಪೇಟೆ ಎಂಬ ಪುಟ್ಟ ಕೇರಿ. ಹೆಸರು ಕೇಳಿ ನಕ್ಷತ್ರ ನೋಡುವ ಜಾಗ ಎಂದುಕೊಳ್ಳುವವರಿದ್ದಾರೆ. ಟಿಪ್ಪುವಿನ ಕಾಲದ ರಾಕೆಟ್‌ಗಳ ಕೆಲಸ ನಡೆದ ಜಾಗವಿದು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೋ ಕತ್ತಿಗೋ ಕಟ್ಟಿ ಹಾರಿಸುತ್ತಿದ್ದ ಮೈಸೂರಿನ ರಾಕೆಟ್‌ಗಳನ್ನು ಇಂಗ್ಲಿಷರು ತಮ್ಮ ದೇಶಕ್ಕೆ ಒಯ್ದು ಪರೀಕ್ಷಿಸಿದರು. ವಿಲಿಯಂ ಕಾಂಗ್ರೀವ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮಾಡಿದ ರಾಕೆಟ್‌ಗಳಿಗೆ ಇವೇ ದಾರಿ ತೋರಿದವು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯಿಂದ ಅಂಥ ಸಾವಿರದಷ್ಟು ರಾಕೆಟ್ ಕೊಳವೆಗಳನ್ನು ಹೊರತೆಗೆದರು. ತಾರಾಮಂಡಲಪೇಟೆಯಲ್ಲಿ ಅದರ ಗುರುತು ಹೇಳುವ ದೊಡ್ಡ ಫಲಕವೇನೂ ಕಾಣುವುದಿಲ್ಲ. ಅಲ್ಲಿರುವುದು ಕಲ್ಲಿನ ಕಂಬಗಳ ಹಳೆಯ ಸಂಗೀನ್ ಜಾಮಿಯಾ ಮಸೀದಿ. ಬೆಂಗಳೂರಿನ ಅತಿ ಹಳೆಯ ಮಸೀದಿ ಇದೇ ಎಂದು ಹೇಳುತ್ತಾರೆ, ಮೊಗಲರ ಕಾಲಕ್ಕೆ ಸೇರಿಸುತ್ತಾರೆ. ನಮಾಜಿನ ಹೊತ್ತು ತಪ್ಪಿಸಿ, ಒಳಗಿರುವ ಹಿರಿಯರಿಗೆ ಹೇಳಿ ಹೋಗಿ.

ದೊಡ್ಡಪೇಟೆಯ ಉದ್ದಕ್ಕೆ

ಮಾರ್ಕೆಟ್ಟಿನಿಂದ ಉತ್ತರಕ್ಕೆ ಅವೆನ್ಯೂ ರಸ್ತೆ. ಮೈಸೂರು ಬ್ಯಾಂಕ್ ವೃತ್ತದವರೆಗೆ ಎರಡು ಕಿಲೋಮೀಟರಿನೊಳಗಿನ ದಾರಿ. ನಿಧಾನಕ್ಕೆ ನಡೆಯಿರಿ, ಒಂದು ನಿಯಮ ಇಟ್ಟುಕೊಳ್ಳಿ: ಅಂಗಡಿಯ ಬೋರ್ಡಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಗಾಜು, ಎಲ್‌ಇಡಿ, ಫ್ಲೆಕ್ಸು. ಮೇಲಿನ ಮಹಡಿಯಲ್ಲಿ ಮರದ ಕಟಾಂಜನ, ಗಾರೆಯ ಹೂಬಳ್ಳಿ, ಬಣ್ಣದ ಗಾಜಿನ ಕಿಟಕಿ, ಮಂಗಳೂರು ಹೆಂಚು. ಕೆಲವು ಕಟ್ಟಡಗಳ ನೆತ್ತಿಯಲ್ಲಿ ಕಟ್ಟಿಸಿದವರ ಹೆಸರು, ಇಸವಿ ಗಾರೆಯಲ್ಲೇ ಎದ್ದಿರುತ್ತದೆ. ಎರಡು ಕಟ್ಟಡಗಳ ನಡುವೆ ಒಬ್ಬರೇ ನುಗ್ಗಬಹುದಾದ ಸಂದಿ ಕಂಡರೆ ಇಣುಕಿ ನೋಡಿ. ಎಷ್ಟೋ ಸಲ ಅದರ ಕೊನೆಗೆ ಒಂದು ಗುಡಿ ಇರುತ್ತದೆ, ಹಳೇ ತೊಟ್ಟಿಮನೆಯ ಬಾಗಿಲಿರುತ್ತದೆ.

ರಸ್ತೆಯ ಎಡಬಲಕ್ಕೆ ಕವಲೊಡೆಯುವ ಪೇಟೆಗಳ ಹೆಸರು ಓದುತ್ತ ಹೋಗಿ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ, ನಗರ್ತಪೇಟೆ, ತರಗುಪೇಟೆ. ಕೈಗಾರಿಕಾ ಬಡಾವಣೆಯಲ್ಲಿ ಬದುಕುವ ನಮಗೆ ಇದು ಹೊಸದೇನಲ್ಲ. ಒಂದೊಂದು ಕಸುಬಿಗೆ ಒಂದೊಂದು ಜಾಗ ಗೊತ್ತು ಮಾಡುವ ಪದ್ಧತಿ ಕೆಐಎಡಿಬಿಗಿಂತ ನಾನೂರು ವರ್ಷ ಮೊದಲೇ ಇಲ್ಲಿತ್ತು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿನ ವ್ಯಾಪಾರಿಗಳನ್ನು, ನೇಕಾರರನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಯುದ್ಧದಲ್ಲಿ ಸೂರೆಹೋದ ಊರು ಒಂದು ದಶಕ ಕಳೆಯುವುದರೊಳಗೆ ಮತ್ತೆ ಸಂತೆ ಹೂಡಿತ್ತು.

ರೈಸ್ ಸ್ಮಾರಕ ಚರ್ಚು ಅವೆನ್ಯೂ ರಸ್ತೆಯ ಗದ್ದಲದ ನಡುವೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ಅವರ ನೆನಪಿನ ಕನ್ನಡ ಚರ್ಚಿದು. ಕನ್ನಡಿಗರಿಗೆ ಹೆಚ್ಚು ಬೇಕಾದವರು ಅವರ ಮಗ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, ಮೈಸೂರು ಸೀಮೆಯ ಊರೂರು ಸುತ್ತಿಸಿ ಸಾವಿರಾರು ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದರು. ಬೆಂಗಳೂರು ಜಿಲ್ಲೆಯ ಸಂಪುಟ ಒಂಬತ್ತನೆಯದು, 1905ರಲ್ಲಿ ಅಚ್ಚಾಯಿತು. ನಮ್ಮ ಆನೇಕಲ್ ತಾಲ್ಲೂಕಿನ ಶಾಸನಗಳೂ ಅದರಲ್ಲೇ ಇವೆ. ನಿಮ್ಮ ಹಳ್ಳಿಯ ಗುಡಿಯ ಮುಂದಿನ ಕಲ್ಲಿನಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಿದ್ದರೆ ಮೊದಲು ತಿರುವಬೇಕಾದ್ದು ಆ ಪುಸ್ತಕವನ್ನೇ.

ಪುಸ್ತಕದ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಭಾನುವಾರ ಮುಚ್ಚಿದ ಅಂಗಡಿಗಳ ಮುಂದೆ ಹಳೇ ಪುಸ್ತಕದವರು ಹರಡಿಕೊಂಡು ಕೂರುತ್ತಾರೆ. ಸಿಇಟಿ, ಐಟಿಐ, ಡಿಪ್ಲೊಮಾ ಪುಸ್ತಕಗಳ ರಾಶಿಯಡಿಯಲ್ಲಿ ಹಳೇ ಕನ್ನಡ ಕಾದಂಬರಿ, ಬಿಡಿ ಮಾಸಪತ್ರಿಕೆ ಸಿಗುವುದುಂಟು. ಚೌಕಾಸಿ ಮಾಡಿ, ಆದರೆ ತೀರಾ ಹಿಂಡಬೇಡಿ. ಜಿಗಣಿಯಲ್ಲಿ ಅಪ್ರೆಂಟಿಸ್ ಇರುವ ಹುಡುಗರು ತಮ್ಮ ಟ್ರೇಡಿನ ಪುಸ್ತಕ ಇಲ್ಲಿಂದಲೇ ಕೊಂಡರೆ ದುಡ್ಡೂ ಉಳಿಯುತ್ತದೆ.

ಅವೆನ್ಯೂ ರಸ್ತೆ ಮುಗಿದು ಕೆಂಪೇಗೌಡ ರಸ್ತೆ ಸಿಗುವಲ್ಲಿ ಯಲಹಂಕ ಗೇಟ್ ಆಂಜನೇಯಸ್ವಾಮಿ ದೇವಸ್ಥಾನವಿದೆ. ಗೇಟ್ ಹೋಗಿದೆ, ಅದನ್ನು ಕಾಯುತ್ತಿದ್ದ ಆಂಜನೇಯ ಇದ್ದಾನೆ. ಹಾಗೆಯೇ ಪೂರ್ವದಲ್ಲಿ ಹಲಸೂರು ಗೇಟ್ ಪೊಲೀಸ್ ಠಾಣೆ. ಹಲಸೂರಿನಿಂದ ಇಷ್ಟು ದೂರ ಈ ಹೆಸರಿನ ಠಾಣೆ ಯಾಕಿದೆ ಎಂದು ತಲೆ ಕೆರೆದುಕೊಂಡವರಿಗೆ ಉತ್ತರ ಇಷ್ಟೇ: ಪೇಟೆಯ ಪೂರ್ವದ ಹೆಬ್ಬಾಗಿಲು ಇದ್ದದ್ದು ಅಲ್ಲೇ.

ಚಿಕ್ಕಪೇಟೆ, ಬಳೇಪೇಟೆ, ದರ್ಗಾ

ಅವೆನ್ಯೂ ರಸ್ತೆಯಲ್ಲೇ ಹಿಂದಕ್ಕೆ ಬಂದು, ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಲ್ಲಿ ಒಂದು ನಿಮಿಷ ನಿಲ್ಲಿ. ನಾಲ್ಕು ಜೋಡಿ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಕೆಂಪೇಗೌಡರು ಊರಿಗೆ ಗುರುತು ಹಾಕಿದ್ದು ಇಲ್ಲಿಂದಲೇ ಎಂದು ಐತಿಹ್ಯ. 1638ರಲ್ಲಿ ಬಿಜಾಪುರದ ಸೇನೆ ಊರು ಹಿಡಿದ ಮೇಲೆ ಇದು ಶಹಾಜಿಯ ಜಹಗೀರು. ಆತನ ಗೌರಿ ಮಹಲು ಚಿಕ್ಕಪೇಟೆಯಲ್ಲಿತ್ತು. 1687ರಲ್ಲಿ ಮೊಗಲರು ಬಂದರು, ಅವರಿಂದ ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರ ಕೈಗೆ ಬಂತು. ಅರಸರು ಬದಲಾದರು, ಅಂಗಡಿ ಮಾತ್ರ ಯಾರೂ ಮುಚ್ಚಲಿಲ್ಲ.

ಚಿಕ್ಕಪೇಟೆಯಲ್ಲಿ ನೂರು ವರ್ಷ ದಾಟಿದ ಮೋಹನ್ ಬಿಲ್ಡಿಂಗ್ ಇದೆ. ಒಳಹೊಕ್ಕು ಮೊಗಸಾಲೆಗಳನ್ನು ನೋಡಿ. ರಂಗಸ್ವಾಮಿ ಗುಡಿ ಬೀದಿಯ ರಂಗನಾಥಸ್ವಾಮಿ ದೇವಸ್ಥಾನದಲ್ಲಿ ವಿಜಯನಗರ ಶೈಲಿಯ ಕಲ್ಲುಕಂಬಗಳಿವೆ. ಸೀರೆ ಅಂಗಡಿಗಳ ಸಾಲಿನಲ್ಲಿ ಅದರ ಬಾಗಿಲು ದಾಟಿಹೋಗುವುದು ಸುಲಭ, ಕೇಳಿಕೊಂಡು ಹೋಗಿ. ಬಳೇಪೇಟೆಯಲ್ಲಿ ಬಳೆಗಿಂತ ಹೆಚ್ಚಾಗಿ ಈಗ ಕಾಣುವುದು ವಾದ್ಯದ ಅಂಗಡಿಗಳು. ತಬಲಾಕ್ಕೆ ಹದ ಹಾಕುವವರು, ವೀಣೆಗೆ ತಂತಿ ಬಿಗಿಯುವವರು, ಹಾರ್ಮೋನಿಯಂ ಬಿಚ್ಚಿಟ್ಟುಕೊಂಡವರು. ಊರ ಭಜನೆ ಮಂಡಳಿಯ ಹಾರ್ಮೋನಿಯಂ ಕೆಟ್ಟಿದ್ದರೆ ತಂದುಬಿಡಿ, ಒಂದೇ ಓಡಾಟದಲ್ಲಿ ಎರಡು ಕೆಲಸ.

ಹಸಿವು ಕೆಣಕುವ ಹೊತ್ತಿಗೆ ನೀವು ಸರಿಯಾದ ಜಾಗದಲ್ಲೇ ಇರುತ್ತೀರಿ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದ ಸಾಗು ಮಸಾಲೆ ದೋಸೆ ಹೆಸರುವಾಸಿ. ಮಾಂಸಾಹಾರಿಗಳಿಗೆ ಈ ಕೇರಿಗಳಲ್ಲಿ ಮಿಲಿಟರಿ ಹೋಟೆಲ್‌ಗಳಿವೆ.

ಅರಳೇಪೇಟೆ ಅಂದರೆ ಇಂದಿನ ಕಾಟನ್‌ಪೇಟೆಯಲ್ಲಿ ಹಜರತ್ ತವಕ್ಕಲ್ ಮಸ್ತಾನ್ ದರ್ಗಾ. ಚೈತ್ರ ಪೂರ್ಣಿಮೆಯ ರಾತ್ರಿ ಬೆಂಗಳೂರು ಕರಗ ಇಲ್ಲಿಗೆ ಬಂದೇ ಹೋಗುತ್ತದೆ. ಇದನ್ನು ಸೌಹಾರ್ದದ ಉದಾಹರಣೆಯೆಂದು ಪತ್ರಿಕೆಗಳು ಪ್ರತಿವರ್ಷ ಬರೆಯುತ್ತವೆ. ಕೇರಿಯವರಿಗೆ ಇದು ಉದಾಹರಣೆಯಲ್ಲ, ಹಬ್ಬದ ರಾತ್ರಿಯ ಒಂದು ಕ್ರಮ.

ಕರಗದ ಗುಡಿ, ಮಗ್ಗದ ಕೇರಿ

ನಡಿಗೆಯ ಪೂರ್ವಭಾಗವನ್ನು ಸಾಧ್ಯವಾದರೆ ಇನ್ನೊಂದು ದಿನಕ್ಕೆ, ಅದೂ ವಾರದ ದಿನಕ್ಕೆ ಇಟ್ಟುಕೊಳ್ಳಿ. ನಗರ್ತಪೇಟೆಯಲ್ಲಿ ಕಾಳಿಕಾಂಬ ಕಮಠೇಶ್ವರ ದೇವಸ್ಥಾನ, ಅಲ್ಲಿಂದ ಕೆಲವೇ ಹೆಜ್ಜೆಗೆ ತಿಗಳರಪೇಟೆಯ ಧರ್ಮರಾಯನ ಗುಡಿ. ಹೆಸರು ಧರ್ಮರಾಯನದಾದರೂ ಕರಗದ ರಾತ್ರಿ ಆರಾಧನೆ ದ್ರೌಪದಿಗೆ. ವಹ್ನಿಕುಲ ಕ್ಷತ್ರಿಯ ತಿಗಳರ ಮನೆತನದವರೊಬ್ಬರು ಹೆಣ್ಣಿನ ಉಡುಗೆಯುಟ್ಟು, ಮಲ್ಲಿಗೆಯ ಕರಗ ತಲೆಮೇಲೆ ಹೊತ್ತು, ಕೈಯಲ್ಲಿ ಹಿಡಿಯದೆ, ಕತ್ತಿ ಹಿಡಿದ ವೀರಕುಮಾರರ ನಡುವೆ ಇದೇ ಸಂದಿಗೊಂದಿಗಳಲ್ಲಿ ಬೆಳಗಿನವರೆಗೆ ಓಡಾಡುತ್ತಾರೆ. ಆನೇಕಲ್ಲಿನಲ್ಲೂ ಧರ್ಮರಾಯನ ಗುಡಿಯಿದೆ, ಕರಗವಿದೆ. ಅಲ್ಲಿ ನೋಡಿದವರು ಇಲ್ಲಿನ ಬೀದಿಗಳ ಅಗಲವನ್ನು ಹಗಲಿನಲ್ಲೊಮ್ಮೆ ನೋಡಿ, ಆಮೇಲೆ ಆ ರಾತ್ರಿ ಬನ್ನಿ. ಇಷ್ಟು ಇಕ್ಕಟ್ಟಿನಲ್ಲಿ ಅಷ್ಟು ಜನ ಹೇಗೆ ನಿಲ್ಲುತ್ತಾರೆ ಎನ್ನುವುದೇ ಅಚ್ಚರಿ.

ನನಗೆ ಇಡೀ ಪೇಟೆಯಲ್ಲಿ ಹೆಚ್ಚು ಇಷ್ಟವಾದದ್ದು ಕಬ್ಬನ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರಿನ ಈ ಕೇರಿಯಲ್ಲಿ ಇನ್ನೂ ಮಗ್ಗಗಳು ಆಡುತ್ತವೆ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ. ಸದ್ದು ಬರುವ ಕಡೆ ನಡೆದರೆ ತೆರೆದ ಬಾಗಿಲು, ಕತ್ತಲೆಯ ನಡುಮನೆ, ಅದರಲ್ಲಿ ವಿದ್ಯುತ್ ಮಗ್ಗ. ಹೊಸ್ತಿಲಾಚೆ ನಿಂತು ‘ಯಜಮಾನ್ರೇ, ಸ್ವಲ್ಪ ನೋಡ್ಬಹುದಾ’ ಎಂದರೆ ಬಹಳ ಸಲ ‘ಬನ್ನಿ, ಮುಟ್ಬೇಡಿ ಅಷ್ಟೆ’ ಎಂಬ ಉತ್ತರ ಬರುತ್ತದೆ. ಹಾಸಿನ ಸಾವಿರಾರು ರೇಷ್ಮೆ ಎಳೆ ಬಿಗಿಯಾಗಿ ನಿಂತಿರುತ್ತವೆ, ಲಾಳಿ ಆ ಕಡೆಯಿಂದ ಈ ಕಡೆಗೆ ಹೊಕ್ಕು ಎಳೆದುಕೊಂಡು ಓಡುತ್ತದೆ. ಈಗ ತಲೆಯೆತ್ತಿ ಮೇಲೆ ನೋಡಿ. ಜಕಾರ್ಡ್ ಪೆಟ್ಟಿಗೆ, ಅದರಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಮಾಲೆ. ಪ್ರತಿ ಕಾರ್ಡಿನಲ್ಲೂ ತೂತು. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೂರುತ್ತದೆ. ಒಂದು ಕಾರ್ಡಿಗೆ ಒಂದು ಹೊಕ್ಕು. ಹೀಗೆ ಅಂಚಿನಲ್ಲಿ ಒಂದು ನವಿಲು ಮೂಡಬೇಕಾದರೆ ನೂರಾರು ಕಾರ್ಡು ತಿರುಗಬೇಕು. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಕಾರ್ಡುಗಳನ್ನು ನೋಡಿಯೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ತೂತಿನ ಕಾರ್ಡು ಕೊಡಲು ಯೋಚಿಸಿದ. ಮುಂದೆ ಕಂಪ್ಯೂಟರಿಗೆ ಪ್ರೋಗ್ರಾಂ ಉಣಿಸಿದ್ದೂ ಅಂಥವೇ ಕಾರ್ಡುಗಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುವ ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದು ತೋರಿಸಬೇಕಾದ ಜಾಗವಿದ್ದರೆ ಇದು. ನೋಡಿಯಾದ ಮೇಲೆ ಅಂಗಡಿಯ ಸೀರೆಯ ಬೆಲೆ ದುಬಾರಿ ಎಂದು ಅನ್ನಿಸುವುದಿಲ್ಲ.

ಇನ್ನೂ ಹಳೆಯದು ಬೇಕೆನ್ನುವವರಿಗೆ

ಪೇಟೆ ಹುಟ್ಟುವ ಆರೂವರೆ ಶತಮಾನ ಮೊದಲೇ ಬೆಂಗಳೂರಿನ ಹೆಸರಿತ್ತು ಎಂದು ಹೇಳುವ ಕಲ್ಲು ಜಿಗಣಿಗೂ ಪೇಟೆಗೂ ನಡುವೆ ಬೇಗೂರಿನಲ್ಲಿದೆ. ಗಂಗರ ಕಾಲದ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ.ಶ. 890ರ ವೀರಗಲ್ಲು, ಬೆಂಗಳೂರು ಕಾಳಗದಲ್ಲಿ ಮಡಿದ ಬುಟ್ಟಣ ಸೆಟ್ಟಿಯ ಹೆಸರು ಅದರಲ್ಲಿದೆ. ಪುರಾತತ್ವಜ್ಞ ಆರ್. ನರಸಿಂಹಾಚಾರ್ ಅವರ ಕಾಲದಲ್ಲಿ ಬೆಳಕಿಗೆ ಬಂದದ್ದು. ಅದೇ ಊರಿನ ಇನ್ನೊಂದು ದೊಡ್ಡ ಯುದ್ಧದ ಕಲ್ಲನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ: ಆನೆ, ಕುದುರೆ, ಬಿಲ್ಲಾಳುಗಳು ಕಿಕ್ಕಿರಿದ ಕೆತ್ತನೆ. ಬೇಗೂರಿಗೆ ಒಂದು ಅರ್ಧ ದಿನ ಪ್ರತ್ಯೇಕವಾಗಿ ಇಡಿ. ದೇವಾಲಯದ ಮಂಟಪದ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ಶಿಲ್ಪವಿದೆ, ಕತ್ತು ನೋಯುವವರೆಗೂ ನೋಡಬಹುದು.

ಒಬ್ಬರೇ ಹೋಗಲು ಹಿಂಜರಿಕೆಯಿದ್ದರೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಪಾರಂಪರಿಕ ನಡಿಗೆಗಳನ್ನು ಏರ್ಪಡಿಸುತ್ತದೆ, ಸೇರಿಕೊಳ್ಳಿ. ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸಿದೆ. ನಿಮ್ಮೂರ ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಬಿದ್ದಿದ್ದರೆ ಅವರಿಗೆ ತಿಳಿಸುವುದು ಒಳ್ಳೆಯ ಕೆಲಸ.

ಕೊನೆಗೊಂದು ಕೋರಿಕೆ. ಪೇಟೆಯಲ್ಲಿ ಹಳೇ ಮನೆ ಕೆಡವಿ ನಾಲ್ಕಂತಸ್ತಿನ ಗೋದಾಮು ಎಬ್ಬಿಸುವುದು ನಡೆದೇ ಇದೆ, ಜಾಗದ ಬೆಲೆ ಹಾಗಿದೆ, ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ನೀವು ನಡೆಯುವಾಗ ಇಸವಿ ಬರೆದ ಮುಖಮಂಟಪ, ಗಾರೆಯ ಕೆತ್ತನೆ, ಸಂದಿಯೊಳಗಿನ ಹಳೇ ಬಾಗಿಲು ಕಂಡರೆ ಫೋಟೊ ತೆಗೆಯಿರಿ. ಜೊತೆಗೆ ಬೀದಿಯ ಹೆಸರು, ಅಂಗಡಿಯ ಗುರುತು, ತಾರೀಕು ಬರೆದಿಡಿ. ಮುಂದಿನ ಸಲ ನೀವು ಹೋಗುವ ಹೊತ್ತಿಗೆ ಆ ಕಟ್ಟಡದ ದಾಖಲೆ ನಿಮ್ಮ ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಇರದೆ ಹೋಗಬಹುದು.